ಮೂರು ದಾರಿಯ ಪಂಪು, ಒಂಬತ್ತು ಪಂಚೆ ಸಂಡಿಗೆ

ನಾನು ಮೂವತ್ತು ವರ್ಷ ದೂರವಾಣಿ ತಂತಿ ಎಳೆದು ನಿವೃತ್ತನಾದವನು. ಕಡೂರಿನಿಂದ ಹಿಡಿದು ಸಿಂಗಟಗೆರೆ, ಎಮ್ಮೆದೊಡ್ಡಿ ಕಾವಲಿನ ಅಂಚಿನವರೆಗೆ ನಾನು ಹತ್ತದ ಕಂಬವಿಲ್ಲ, ನನ್ನನ್ನು ಅಟ್ಟಿಸಿಕೊಂಡು ಬರದ ನಾಯಿಯಿಲ್ಲ. ಆ ಸುದೀರ್ಘ ಸೇವೆಯಿಂದ ನಾನು ಗ್ರಹಿಸಿದ ತತ್ವ ಒಂದೇ: ಸುದ್ದಿ ಮುಟ್ಟಬೇಕಾದರೆ ಒಂದೇ ದಾರಿಯನ್ನು ನಂಬಿ ಕೂರಬಾರದು. ಒಂದು ತಂತಿ ಹರಿದರೆ ಇನ್ನೊಂದು ಇರಬೇಕು. ಇಷ್ಟು ತಿಳಿದವನಿಗೆ ಮನೆಯ ಒಂದು ನೀರಿನ ಪಂಪು ಯಾವ ಲೆಕ್ಕ? ಹೀಗೆಂದು ನಾನು ಯೋಚಿಸಿದ್ದೇ ಎಲ್ಲಕ್ಕೂ ಮೂಲ!

ಹಿತ್ತಲಲ್ಲಿ ಬೋರು, ತಾರಸಿಯ ಮೇಲೆ ಟ್ಯಾಂಕು, ನಡುವೆ ಪಂಪು. ಎಲ್ಲರ ಮನೆಯಲ್ಲೂ ಇರುವಂಥದ್ದೇ. ಪಂಪು ಹಾಕಿ ಆರಿಸುವುದು ನನ್ನ ಹೆಂಡತಿ ಗಿರಿಜಳ ಕೆಲಸ. ವರಾಂಡದ ಸ್ವಿಚ್ಚು ಒತ್ತುತ್ತಿದ್ದಳು, ನೀರು ಏರುತ್ತಿತ್ತು. ಟ್ಯಾಂಕು ತುಂಬಿ ನೀರು ಸುರಿಯುವ ಸದ್ದು ಕೇಳಿದರೆ ಮತ್ತೆ ಒತ್ತುತ್ತಿದ್ದಳು, ನಿಲ್ಲುತ್ತಿತ್ತು. ಮನೆ ಕಟ್ಟಿದಾಗಿನಿಂದ ಇದು ಹೀಗೇ ನಡೆದುಬಂದಿತ್ತು. ಇಂಥ ಅನಾಗರಿಕ ಪದ್ಧತಿಯನ್ನು ಕಣ್ಣಾರೆ ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಎರಡು ತಿಂಗಳು ಮೊಬೈಲಿನಲ್ಲಿ ವಿಡಿಯೊ ನೋಡಿ, ಸಾಮಾನು ತರಿಸಿ, ಊಟದ ಮೇಜನ್ನು ವಶಪಡಿಸಿಕೊಂಡು ಒಂದು ಡಬ್ಬಿ ತಯಾರಿಸಿದೆ. ಅದಕ್ಕೆ ಮೂರು ಕಿವಿ. ಒಂದು ಮೊಬೈಲ್ ಸಿಮ್ಮು, ಎರಡನೆಯದು ಮನೆಯ ವೈಫೈ, ಮೂರನೆಯದು ಟ್ಯಾಂಕಿಗೂ ಪಂಪಿಗೂ ನಡುವೆ ಮಾತಾಡುವ ಸಣ್ಣ ರೇಡಿಯೊ. ನನ್ನ ಫೋನಿನ ಅಪ್ಪಣೆಯಾಗಲಿ, ‘ನಾನು ತುಂಬಿದ್ದೇನೆ’ ಎಂಬ ಟ್ಯಾಂಕಿನ ವರದಿಯಾಗಲಿ, ಮೂರು ದಾರಿಯಲ್ಲೂ ಹೊರಟು ಡಬ್ಬಿಗೆ ಮುಟ್ಟಬೇಕು. ಇದಕ್ಕೆ ‘ತ್ರಿಮಾರ್ಗ ಜಲ ವ್ಯವಸ್ಥೆ’ ಎಂದು ನಾಮಕರಣ ಮಾಡಿ, ವಿಭೂತಿ ಬಳಿದು, ಊದುಬತ್ತಿ ಬೆಳಗಿ, ವರಾಂಡದ ಗೋಡೆಗೆ ಪ್ರತಿಷ್ಠಾಪಿಸಿದೆ.

“ಒಂದ್ ಸ್ವಿಚ್ಚಿಗೆ ಇಷ್ಟೆಲ್ಲಾ ಯಾಕ್ರೀ?” ಎಂದಳು ಗಿರಿಜ.

“ನೋಡು ಗಿರಿಜಾ, ಸಿಗ್ನಲ್ ಹೋಯ್ತು ಅನ್ನು, ವೈಫೈ ಐತೆ. ವೈಫೈ ಹೋಯ್ತು ಅನ್ನು, ರೇಡಿಯೊ ಐತೆ. ಪ್ರಳಯ ಆದ್ರೂ ಈ ಪಂಪು ಹೇಳಿದ್ ಮಾತು ಕೇಳುತ್ತೆ ಕಣೇ!”

“ನೀವ್ ಯಾವಾಗ ಕೇಳ್ತೀರಿ?” ಎಂದು ಒಳಗೆ ಹೋದಳು.

ಮೊದಲ ವಾರ ಎಲ್ಲವೂ ಸುಸೂತ್ರವಾಗಿತ್ತು. ಆಮೇಲೊಂದು ಸೋಮವಾರ ಟ್ಯಾಂಕು ಬರಿದಾಗಿತ್ತು. ಪಂಪು ಹಾಕಿ ಗಿರಿಜ ತಲೆಗೆ ಎಣ್ಣೆ ಹಚ್ಚಿ ಸೀಗೆಪುಡಿ ತಿಕ್ಕಿಕೊಂಡಿದ್ದಳು. ಅಷ್ಟರಲ್ಲಿ ಡಬ್ಬಿಯ ಸಿಮ್ಮಿಗೆ ಎಲ್ಲಿಂದಲೋ ಸಾಲ ಬೇಕೇ ಎಂದು ಕೇಳುವ ಫೋನು ಬಂತು. ನನ್ನ ಡಬ್ಬಿ ಅದನ್ನೇ ನಿಲ್ಲು ಎಂಬ ಅಪ್ಪಣೆಯೆಂದು ಭಾವಿಸಿ ಪಂಪನ್ನು ನಿಲ್ಲಿಸಿಬಿಟ್ಟಿತು! ನಲ್ಲಿ ಕೆಮ್ಮಿತು, ಸುಮ್ಮನಾಯಿತು. ಬಚ್ಚಲುಮನೆಯ ಬಾಗಿಲ ಸಂದಿಯಿಂದ ಸೀಗೆಪುಡಿ ಹತ್ತಿದ ಒಂದು ಕೈ ಮತ್ತು ಒಂದು ದನಿ ಹೊರಬಂದವು.

“ಯಾವನೋ ಒಬ್ಬ ಹೇಳ್ದ ಅಂತ ನಿಲ್ಸೋದೇನ್ರೀ? ನೀರು ನಿಲ್ಸೋಕ್ ಮುಂಚೆ ಮೂರ್ ಜನನ್ನ ಕೇಳ್ಬಾರ್ದಾ?”

ಕಣ್ಣುರಿಯಿಂದ ಆಡಿದ ಮಾತದು. ನಾನು ಮಾತ್ರ ಅದನ್ನು ತಾಂತ್ರಿಕ ಸಲಹೆ ಎಂದು ಸ್ವೀಕರಿಸಿದೆ. ಅವತ್ತೇ ಡಬ್ಬಿಯ ಕಾನೂನು ತಿದ್ದುಪಡಿಯಾಯಿತು. ಪಂಪು ಶುರುವಾಗಲು ಮೂರರಲ್ಲಿ ಯಾವುದಾದರೂ ಒಂದು ದಾರಿಯಿಂದ ಅಪ್ಪಣೆ ಬಂದರೆ ಸಾಕು. ನಿಲ್ಲಬೇಕಾದರೆ ಮಾತ್ರ ಮೂರೂ ದಾರಿಗಳಿಂದ ಬರಲೇಬೇಕು. ಇಬ್ಬರು ಹೇಳಿ ಒಬ್ಬರು ಸುಮ್ಮನಿದ್ದರೂ ನಿಲ್ಲುವಂತಿಲ್ಲ. ಮೂರು ಸಲ ಪರೀಕ್ಷೆ ಮಾಡಿದೆ, ಮೂರು ಸಲವೂ ಚೆನ್ನಾಗಿ ನಿಂತಿತು. ಯಾರೂ ಡಬ್ಬಿಯನ್ನು ಮುಟ್ಟದಿರಲೆಂದು ವರಾಂಡದ ಗ್ರಿಲ್ಲಿಗೆ ಹೊಸ ಬೀಗ ಹಾಕಿ ಬೀಗದ ಕೈಯನ್ನು ನನ್ನ ಜೇಬಿನಲ್ಲೇ ಇಟ್ಟುಕೊಂಡೆ.

ಇನ್ನು ಸಂಡಿಗೆಯ ವಿಷಯ. ಗಿರಿಜ ನಮ್ಮ ಬೀದಿಯ ಹೆಂಗಸರ ಸಂಘದ ಅಧ್ಯಕ್ಷೆ. ಒಂಬತ್ತು ಜನರ ಸಂಘ. ಇಷ್ಟು ದಿನ ಹಪ್ಪಳ, ಚಟ್ನಿಪುಡಿ ಎಂದು ಅಕ್ಕಪಕ್ಕದವರಿಗೆ ಕೊಟ್ಟುಕೊಂಡಿದ್ದವರಿಗೆ ಮೊಟ್ಟಮೊದಲ ಬಾರಿಗೆ ತರೀಕೆರೆಯ ಒಂದು ಮದುವೆ ಮನೆಯಿಂದ ದೊಡ್ಡ ಆರ್ಡರ್ ಬಂದಿತ್ತು. ಇಡೀ ಮದುವೆಯ ಊಟಕ್ಕೆ ಸಂಡಿಗೆ! ಗಿರಿಜ ಒಂದು ವಾರದಿಂದ ಸಂಡಿಗೆ ಬಿಟ್ಟು ಬೇರೆ ಮಾತಾಡಿರಲಿಲ್ಲ.

“ಇದೊಂದು ಸರಿಯಾಗ್ ಕೊಟ್ರೆ ಮುಂದಕ್ಕೆ ಮದ್ವೆ ಮನೆಗಳು ನಮ್ಮನ್ನೇ ಕೇಳ್ಕೊಂಡ್ ಬರ್ತಾವೆ. ಕೆಟ್ರೆ ಸಂಘ ಅಲ್ಲಿಗ್ ಮುಗೀತು. ‘ಇವ್ರ ಕೈಲಿ ಆಗಲ್ಲ ಅಂದಿರ್ಲಿಲ್ವಾ’ ಅನ್ನೋರು ಇದ್ದೇ ಇದಾರೆ,” ಎಂದು ಪ್ರತಿದಿನ ಹೇಳುತ್ತಿದ್ದಳು.

ಮೂರು ದಿನ ಒಂಬತ್ತು ಜನ ಸೇರಿ ನಮ್ಮ ಹಿತ್ತಲಲ್ಲಿ ಹಂಡೆಯಿಟ್ಟು ಅಕ್ಕಿಹಿಟ್ಟಿನ ಗಂಜಿ ಕಾಯಿಸಿ, ಜೀರಿಗೆ, ಹಸಿಮೆಣಸು ಅರೆದು ಬೆರೆಸಿ, ನಮ್ಮ ತಾರಸಿಯ ಮೇಲೆ ಪಂಚೆ ಹಾಸಿ ಸಂಡಿಗೆ ಇಟ್ಟರು. ಒಬ್ಬೊಬ್ಬರ ಪಾಲಿಗೆ ಒಂದೊಂದು ಪಂಚೆ, ಒಟ್ಟು ಒಂಬತ್ತು. ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಬಿಸಿಲು ಬೀಳುವ ತಾರಸಿ ನಮ್ಮದು. ನಾನೂ ಕೈಲಾದ ಸೇವೆ ಸಲ್ಲಿಸಿದೆ. ತಾರಸಿಯಿಂದ ನೀರು ಇಳಿಯುವ ಪೈಪಿನೊಳಗಿಂದ ಇಲಿ ಹತ್ತಿ ಬಂದು ಸಂಡಿಗೆ ತಿಂದುಬಿಟ್ಟೀತೆಂದು ಆ ತೂತಿಗೆ ಹಳೆಯ ಲುಂಗಿಯೊಂದನ್ನು ಬಿಗಿಯಾಗಿ ತುರುಕಿದೆ. ಓದುಗರು ಈ ಲುಂಗಿಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಸಂಡಿಗೆ ಇನ್ನೊಂದು ದಿನದ ಬಿಸಿಲು ಕಾಣಬೇಕೆನ್ನುವಾಗ ಅಜ್ಜಂಪುರದಲ್ಲಿ ಗಿರಿಜಳ ಅಕ್ಕನ ಮೊಮ್ಮಗನಿಗೆ ತೊಟ್ಟಿಲು ಶಾಸ್ತ್ರ. ಹೋಗದೆ ಇರುವಂತಿಲ್ಲ. ಪಕ್ಕದ ಮನೆಯ ಗಂಗಮ್ಮ ಸಂಘದ ಹಿರಿಯ ಸದಸ್ಯೆ. ನಮ್ಮ ತಾರಸಿಯ ಮೆಟ್ಟಿಲು ಗ್ರಿಲ್ಲಿನ ಒಳಗಿರುವುದರಿಂದ ಅವರು ತಮ್ಮ ತಾರಸಿಯ ಮೇಲೆ ಕೂತು ನಮ್ಮ ತಾರಸಿಯ ಕಾಗೆ ಓಡಿಸುವುದೆಂದು ತೀರ್ಮಾನವಾಯಿತು.

“ನೀನ್ ಹೋಗ್ ಬಾ ಗಿರಿಜಾ. ಒಂದ್ ಕಾಗೆನೂ ಇಳಿಯಕ್ ಬಿಡಲ್ಲ,” ಎಂದು ಗಂಗಮ್ಮ ಕೋಲು ಹಿಡಿದು ಕೂತರು.

ಹೊರಡುವಾಗ ಗಿರಿಜ, “ರೀ, ಫ್ಯಾನು, ಟೀವಿ ಎಲ್ಲಾ ಆರ್ಸಿದೀರಾ ನೋಡ್ಕೊಳಿ,” ಎಂದಳು. ನಾನು ಶಿಸ್ತಿನ ಮನುಷ್ಯ. ಮನೆಯೆಲ್ಲ ಸುತ್ತಿ ಎಲ್ಲವನ್ನೂ ಆರಿಸಿ, ಗ್ರಿಲ್ಲಿಗೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ ಹೊರಟೆ.

ಅಜ್ಜಂಪುರದಲ್ಲಿ ಊಟದ ಪಂಕ್ತಿ. ನನ್ನ ಎಡಕ್ಕೆ ಷಡ್ಡಕ, ಅಂದರೆ ಗಿರಿಜಳ ಅಕ್ಕನ ಗಂಡ ಸಿದ್ದಲಿಂಗಪ್ಪನವರು. ಅವರು ಹೋಳಿಗೆ ಬಡಿಸಿಕೊಳ್ಳುವಾಗಿನಿಂದ ತಮ್ಮ ಮನೆಯ ಸೋಲಾರ್ ಹೀಟರಿನ ಗುಣಗಾನ ಮಾಡುತ್ತಿದ್ದರು. ಎಷ್ಟು ಹೊತ್ತು ಕೇಳಲಿ? ತುಪ್ಪ ಹತ್ತಿದ ಬೆರಳನ್ನು ಒರೆಸಿಕೊಂಡು ಫೋನು ತೆಗೆದೆ.

“ಭಾವಾ, ಬಿಸಿನೀರು ಬಿಡಿ. ಇಲ್ಲಿ ಕೂತ್ಕೊಂಡು ಕಡೂರಲ್ಲಿ ನೀರು ಏರಿಸ್ತೀನಿ, ನೋಡ್ತೀರಾ?”

“ಹೌದಾ?” ಎಂದು ಅವರು ಬಗ್ಗಿದರು. ಎದುರು ಪಂಕ್ತಿಯವರೂ ಬಗ್ಗಿದರು. ನಾನು ಗಂಭೀರವಾಗಿ ‘ಶುರು’ ಒತ್ತಿದೆ. ‘ಪಂಪು ಚಾಲೂ ಆಗಿದೆ’ ಎಂದು ಉತ್ತರ ಬಂತು. ಪಂಕ್ತಿಯಲ್ಲಿ ಮೆಚ್ಚುಗೆಯ ಗುಜುಗುಜು! ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಆ ಜಂಬದಲ್ಲಿ ಹೊಟ್ಟೆಗೆ ಜಾಗ ಎಲ್ಲಿಂದ ಬಂತೋ ಗೊತ್ತಿಲ್ಲ.

ಕೈ ತೊಳೆದು ಎಲೆಅಡಿಕೆಗೆ ಕೂತಾಗ ಗಂಗಮ್ಮನ ಫೋನು.

“ಬಸಣ್ಣಾ, ನಿಮ್ ಟ್ಯಾಂಕು ತುಂಬಿ ಸುರೀತೈತೆ ಕಣಪ್ಪಾ! ನಿಲ್ಸು!”

ನಾನು ನಕ್ಕೆ. “ತಾನಾಗೇ ನಿಲ್ಲುತ್ತೆ ಗಂಗಮ್ನೋರೇ. ಟ್ಯಾಂಕೇ ಹೇಳುತ್ತೆ.”

“ಟ್ಯಾಂಕು ಏನೂ ಹೇಳ್ತಿಲ್ಲ, ಬರೀ ಸುರೀತೈತೆ!”

ನಗು ಅಲ್ಲಿಗೇ ನಿಂತಿತು. ‘ನಿಲ್ಲು’ ಒತ್ತಿದೆ. ಉತ್ತರ ಬಂತು: ‘ಮೊಬೈಲ್ ಒಪ್ಪಿಗೆ ಇದೆ. ರೇಡಿಯೊ ಒಪ್ಪಿಗೆ ಇದೆ. ವೈಫೈ ಒಪ್ಪಿಗೆಗಾಗಿ ಕಾಯಲಾಗುತ್ತಿದೆ.’ ಈ ಸೊಗಸಾದ ವಾಕ್ಯಗಳನ್ನು ಬರೆದವನು ನಾನೇ. ಮತ್ತೆ ಒತ್ತಿದೆ. ಕಾಯಲಾಗುತ್ತಿದೆ. ಹತ್ತು ಸಲ ಒತ್ತಿದೆ. ಕಾಯಲಾಗುತ್ತಿದೆ! ತುಂಬಿದ್ದೇನೆ, ತುಂಬಿದ್ದೇನೆ ಎಂದು ಟ್ಯಾಂಕು ಬಡಕೊಳ್ಳುತ್ತಿದೆ, ನಾನು ಇಲ್ಲಿಂದ ಬಡಕೊಳ್ಳುತ್ತಿದ್ದೇನೆ. ಮೂರನೆಯವರು ಹೇಳದೆ ಯಾರ ಮಾತನ್ನೂ ಕೇಳಬೇಡ ಎಂದು ಅದಕ್ಕೆ ಬುದ್ಧಿ ಕಲಿಸಿದವನು ನಾನೇ ಅಲ್ಲವೇ?

“ಏನಾಯ್ತ್ರೀ? ಮುಖ ಯಾಕ್ ಹಿಂಗಾಯ್ತು?” ಎಂದು ಗಿರಿಜ ಬಂದಳು.

ಹೇಳಿದೆ. ಅವಳು ಕೈಯಲ್ಲಿದ್ದ ಬಾಗಿನದ ತಟ್ಟೆಯನ್ನು ಅಲ್ಲೇ ಕೆಳಗಿಟ್ಟಳು. “ಸಂಡಿಗೆ?” ಎಂದಳು, ಒಂದೇ ಮಾತು.

“ಏನೂ ಆಗಲ್ಲ. ತಾರಸಿ ನೀರು ಪೈಪಲ್ಲಿ ಇಳ್ದು ಹೋಗುತ್ತೆ...” ಎನ್ನುವಷ್ಟರಲ್ಲಿ ನನಗೆ ಲುಂಗಿ ನೆನಪಾಯಿತು. ಅಯ್ಯೋ ಶಿವನೇ!

ನನ್ನ ಅತ್ತೆಯವರು ಎಂಬತ್ತು ದಾಟಿದವರು, ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದರು. ಎಲ್ಲವನ್ನೂ ಕೇಳಿ ಒಂದು ಪ್ರಶ್ನೆ ಹಾಕಿದರು. “ಅಳಿಯಂದ್ರೇ, ಅದಕ್ಕೆ ಸ್ವಿಚ್ಚಿಲ್ವಾ?”

“ಇದೆ ಅತ್ತೆ.”

“ಎಲ್ಲೈತೆ?”

“ಗ್ರಿಲ್ ಒಳಗೆ.”

“ಬೀಗದ ಕೈ?”

ನಾನು ಜೇಬು ಮುಟ್ಟಿಕೊಂಡೆ. ಅತ್ತೆಯವರು ತಲೆಬಾಗಿಲಿನ ಕಡೆ ತಿರುಗಿ ಎಲೆಗೆ ಸುಣ್ಣ ಹಚ್ಚತೊಡಗಿದರು.

ಒಂದೇ ಒಂದು ಉಪಾಯ ಉಳಿದಿತ್ತು. ಕರೆಂಟು ಹೋದರೆ ಪಂಪು ನಿಲ್ಲುತ್ತದೆ! ಜೀವಮಾನದಲ್ಲಿ ಮೊದಲ ಸಲ ಕರೆಂಟು ಹೋಗಲೆಂದು ದೇವರನ್ನು ಬೇಡಿಕೊಂಡೆ. ದೇವರನ್ನೊಬ್ಬನನ್ನೇ ನಂಬಿ ಕೂರಬಾರದೆಂಬ ತತ್ವಕ್ಕೆ ಬದ್ಧನಾಗಿ ವಿದ್ಯುತ್ ಕಚೇರಿಗೂ ಫೋನು ಮಾಡಿದೆ.

“ಸ್ವಾಮಿ, ನಮ್ಮ ಬೀದಿ ಕರೆಂಟು ಸ್ವಲ್ಪ...”

“ಬಂದಿಲ್ವಾ?”

“ಬಂದಿದೆ. ತೆಗೀಬೇಕಿತ್ತು.”

“ಯಜಮಾನ್ರೇ, ಆರೋಗ್ಯವಾಗಿದೀರಾ?” ಎಂದು ಮರ್ಯಾದೆಯಿಂದ ವಿಚಾರಿಸಿ ಆ ಪುಣ್ಯಾತ್ಮ ಫೋನಿಟ್ಟ. ಅವತ್ತು ಕರೆಂಟು ಒಂದು ಸಲ ಮಿಟುಕಲೂ ಇಲ್ಲ!

ರೈಲಿಗೆ ಕಾಯಲು ಪುರುಸೊತ್ತಿರಲಿಲ್ಲ. ಸಿಕ್ಕಿದ ಬಸ್ಸು ಹತ್ತಿದೆವು. ಬೀರೂರಿನವರೆಗೆ ಗಿರಿಜ ಕಿಟಕಿಯ ಆಚೆ ನೋಡುತ್ತಾ ಕೂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೂರು ದಿನ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಗಂಜಿ ತಿರುವಿದವಳು. ಅವಳ ಬಲಗೈ ಬೆರಳಲ್ಲಿ ಸುಟ್ಟ ಗುಳ್ಳೆ ಇನ್ನೂ ಆರಿರಲಿಲ್ಲ.

ಗಂಗಮ್ಮನ ಫೋನುಗಳು ಮಾತ್ರ ಬರುತ್ತಲೇ ಇದ್ದವು.

“ಬಸಣ್ಣಾ, ಮೊದಲ್ನೇ ಪಂಚೆ ತೇಲ್ತು!”

“ಬಸಣ್ಣಾ, ತಾರಸಿ ಕೆರೆ ಆಗೋಯ್ತು, ಮೊಣಕಾಲುದ್ದ ನೀರು! ಕಾಗೆಗಳು ಬಂದು ಸ್ನಾನ ಮಾಡ್ತಾವೆ!”

“ಬಸಣ್ಣಾ, ತೆಂಗಿನಕಾಯಿ ಕೀಳೋ ದೋಟಿ ತಂದಿದೀನಿ. ಇಲ್ಲಿಂದ್ಲೇ ಕೊಕ್ಕೆ ಹಾಕಿ ಒಂದ್ ಪಂಚೆ ಎಳ್ಕಂತೀನಿ. ಫೋನ್ ಇಡು!”

ಅರವತ್ತೈದು ವರ್ಷದ ಗಂಗಮ್ಮ, ಮಂಡಿನೋವಿನ ಗಂಗಮ್ಮ, ಎರಡು ತಾರಸಿಗಳ ನಡುವಿನ ಸಂದಿಯ ಮೇಲೆ ದೋಟಿ ಚಾಚಿ ಸಂಡಿಗೆ ಎಳೆಯುತ್ತಿರುವ ದೃಶ್ಯ ಕಣ್ಣಿಗೆ ಕಟ್ಟಿ ನಾನು ಇನ್ನಷ್ಟು ಗಾಬರಿಯಾದೆ. ಸಂಡಿಗೆಯ ಜೊತೆ ಗಂಗಮ್ಮನೂ ಕೆಳಗೆ ಬಂದರೆ ಯಾರಿಗೆ ಉತ್ತರ ಹೇಳಲಿ?

ಬೀರೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಲು ಇಳಿದೆವು. ಹೂವು ಮಾರುವ ಹೆಂಗಸೊಬ್ಬಳು ಗಿರಿಜಳನ್ನು ನೋಡಿ ಎದ್ದು ಬಂದಳು. “ಅಕ್ಕಾ, ನಿಮ್ಮನೇಲಿ ನೀರು ನಿಲ್ತಾ ಇಲ್ವಂತೆ? ಸಂಡಿಗೆಯೆಲ್ಲಾ ಕೊಚ್ಕಂಡ್ ಹೋಯ್ತಂತೆ?”

ನಾನು ದಂಗಾಗಿಹೋದೆ! ನನ್ನ ಮೂರು ದಾರಿಗಳಲ್ಲಿ ಒಂದು ಸುದ್ದಿ ಅಜ್ಜಂಪುರದಿಂದ ಕಡೂರಿಗೆ ಮುಟ್ಟಲು ಒದ್ದಾಡುತ್ತಿದೆ. ಇಲ್ಲಿ ನೋಡಿದರೆ ಕಡೂರಿನ ಸುದ್ದಿ ಯಾವ ಸಿಮ್ಮು, ಯಾವ ರೇಡಿಯೊ ಇಲ್ಲದೆ ನಮಗಿಂತ ಮುಂಚೆ ಬೀರೂರಿಗೆ ಬಂದು ಹೂವಿನ ಬುಟ್ಟಿಯ ಪಕ್ಕ ಕೂತಿದೆ. ಗಂಗಮ್ಮ ಸಂಘದವರಿಗೆ ಹೇಳಿದ್ದರು, ಅದರಲ್ಲೊಬ್ಬಳ ನಾದಿನಿ ಈ ಹೂವಿನವಳು. ಅಷ್ಟರಲ್ಲೇ ತರೀಕೆರೆಯ ಮದುವೆ ಮನೆಯಾಕೆಯ ಫೋನೂ ಗಿರಿಜಳಿಗೆ ಬಂತು. ಅಲ್ಲಿಗೂ ಹೋಗಿತ್ತು!

ಗಿರಿಜ ಒಂದು ಕ್ಷಣ ಕಣ್ಣು ಮುಚ್ಚಿದಳು. “ಹೌದು ಕಣ್ರೀ, ಸ್ವಲ್ಪ ನೀರು ಬಿದ್ದಿದೆ. ಮದ್ವೆಗೆ ಇನ್ನೂ ಹನ್ನೆರಡು ದಿನ ಇದೆಯಲ್ಲ, ಬರೋ ಶುಕ್ರವಾರ ನಿಮ್ಮನೇಲಿ ಸಂಡಿಗೆ ಇರುತ್ತೆ. ನಾನ್ ಹೇಳಿದ್ಮೇಲೆ ಇರುತ್ತೆ,” ಎಂದು ಫೋನಿಟ್ಟಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ನೆಲ ನೋಡಿದೆ.

ನಮ್ಮ ಮನೆಯ ಮುಂದೆ ಸಂಘದ ಏಳು ಜನ ಹೆಂಗಸರು ನಿಂತಿದ್ದರು. ಗೋಡೆಯ ಮೇಲಿಂದ ಬೆಳ್ಳಗೆ ಗಂಜಿನೀರು ಇಳಿಯುತ್ತಿತ್ತು. ಗ್ರಿಲ್ಲಿನ ಬೀಗಕ್ಕೆ ಬೀಗದ ಕೈ ಹಾಕಲು ಹೋದರೆ ಅವಸರಕ್ಕೆ ಎರಡು ಸಲ ಜಾರಿತು. ಗಿರಿಜ ಕಿತ್ತುಕೊಂಡು ತಾನೇ ತೆಗೆದಳು.

“ಗಿರಿಜಾ, ತಡಿ, ಒಂದು ನಿಮಿಷ! ಮೊದಲು ಮೂರನೇ ಒಪ್ಪಿಗೆ ಯಾಕ್ ಬರ್ಲಿಲ್ಲ ಅಂತ ನೋಡಿ ಆಮೇಲೆ ಕ್ರಮವಾಗಿ...”

ಅವಳು ನನ್ನ ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ಮೀಟರ್ ಬೋರ್ಡಿನ ಮೇನ್ ಸ್ವಿಚ್ಚನ್ನು ಒಂದು ಬೆರಳಿನಿಂದ ಕೆಳಗೆ ಒತ್ತಿದಳು. ಟಕ್! ಪಂಪು ನಿಂತಿತು. ಯಾವ ಒಪ್ಪಿಗೆಯನ್ನೂ ಕೇಳಲಿಲ್ಲ!

ವೈಫೈಗೆ ಏನಾಗಿತ್ತೆಂದು ನೋಡಲು ಒಳಗೆ ಹೋದೆ. ಏನೂ ಆಗಿರಲಿಲ್ಲ. ಟೀವಿಯ ಹಿಂದೆ ಅದರ ಸ್ವಿಚ್ಚು ಆರಿತ್ತು. ಬೆಳಗ್ಗೆ ಹೊರಡುವಾಗ ಫ್ಯಾನು, ಟೀವಿಯ ಜೊತೆಗೆ ಅದನ್ನೂ ಶಿಸ್ತಿನಿಂದ ಆರಿಸಿದ್ದ ಮಹಾನುಭಾವ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ತಾರಸಿಯ ಮೇಲೆ ಸಂಡಿಗೆ ಎಂಬುದು ಇರಲಿಲ್ಲ. ಮೊಣಕಾಲುದ್ದ ನೀರು ಎಂದು ಗಂಗಮ್ಮ ಹೇಳಿದ್ದು ಉತ್ಪ್ರೇಕ್ಷೆ, ಹಿಮ್ಮಡಿ ಮುಳುಗುವಷ್ಟಿತ್ತು. ಎಂಟು ಪಂಚೆಗಳ ಸಂಡಿಗೆ ಕರಗಿ ಮತ್ತೆ ಗಂಜಿಯಾಗಿತ್ತು. ಒಂಬತ್ತನೆಯದು ಗಂಗಮ್ಮನ ತಾರಸಿಯ ಮೇಲೆ, ದೋಟಿಯ ಪಕ್ಕ, ಅರ್ಧ ಒದ್ದೆಯಾಗಿ ಮಲಗಿತ್ತು. ನಾನು ಬಗ್ಗಿ ಲುಂಗಿಯನ್ನು ಎಳೆದೆ. ಗುಳುಗುಳು ಎಂದು ಮೂರು ದಿನದ ದುಡಿಮೆ ಪೈಪಿನಲ್ಲಿ ಇಳಿದುಹೋಯಿತು.

“ತಪ್ಪಾಯ್ತು ಕಣೇ,” ಎಂದೆ. ಮೂವತ್ತೈದು ವರ್ಷದ ಸಂಸಾರದಲ್ಲಿ ನಾನು ಎಲ್ಲರೆದುರು ಹಾಗೆ ಹೇಳಿದ್ದು ಅದೇ ಮೊದಲು.

ಗಿರಿಜ ಸೆರಗು ಸಿಕ್ಕಿಸಿಕೊಂಡು ಹೆಂಗಸರ ಕಡೆ ತಿರುಗಿದಳು. “ಬೆಳಗ್ಗೆ ಹಂಡೆ ಇಡಣ. ಯಾರ್ ಯಾರ್ ಮನೇಲಿ ಅಕ್ಕಿಹಿಟ್ಟು ಎಷ್ಟೆಷ್ಟೈತೆ ತನ್ನಿ.”

“ನಮ್ ತಾರಸಿ ಮೇಲೆ ಹಾಕಣ,” ಎಂದರು ಗಂಗಮ್ಮ. “ನಮ್ ಪಂಪಿಗೆ ಬುದ್ಧಿ ಇಲ್ಲ, ಏನೂ ಭಯ ಇಲ್ಲ.”

ಮಾರನೆಯ ದಿನದಿಂದ ನನ್ನ ಹೊಸ ಸೇವೆ ಆರಂಭವಾಯಿತು. ಮೊದಲ ದಿನ ಹಂಡೆಯ ಮುಂದೆ ನಿಂತು ಗಂಜಿ ತಿರುವಿದೆ. ಕಣ್ಣಲ್ಲಿ ಹೊಗೆ, ಕೈಯಲ್ಲಿ ಗುಳ್ಳೆ. ಆಮೇಲಿನ ದಿನಗಳಲ್ಲಿ ಗಂಗಮ್ಮನ ತಾರಸಿಯ ಮೇಲೆ ಛತ್ರಿ ಹಿಡಿದು ಕಾಗೆ ಕಾದೆ. ದೂರವಾಣಿ ಕಂಬದ ತುದಿಯಲ್ಲಿ ಕಾಗೆಗಳ ಜೊತೆ ಕೂತು ಊಟ ಮಾಡಿದವನು ನಾನು. ಈಗ ಅವೇ ಕಾಗೆಗಳು ನನ್ನನ್ನು ಬಗ್ಗಿ ಬಗ್ಗಿ ನೋಡುತ್ತಿದ್ದವು. ಶುಕ್ರವಾರ ಗರಿಗರಿಯಾದ ಸಂಡಿಗೆಯ ಡಬ್ಬಗಳನ್ನು ಹೊತ್ತು ಬಸ್ಸಿನಲ್ಲಿ ತರೀಕೆರೆಗೆ ಮುಟ್ಟಿಸಿದವನೂ ನಾನೇ. ಮದುವೆ ಮನೆಯಾಕೆ ಒಂದು ಸಂಡಿಗೆಯನ್ನು ಅಲ್ಲೇ ಕರಿದು ಬಾಯಿಗಿಟ್ಟು, “ಬಲೇ ಚೆನ್ನಾಗೈತೆ! ಮಗನ ಮದ್ವೆಗೂ ನೀವೇ ಮಾಡ್ಕೊಡಿ,” ಎಂದರು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಪಂಪಿನೋರು ನೀವೇನಾ?” ಎಂದರು.

ಮನೆಗೆ ಬಂದು ಈ ಸಂತೋಷದ ಸುದ್ದಿ ಹೇಳಿದಾಗ ಗಿರಿಜ ಮುಖವರಳಿಸಿ ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ನನಗೆ ಧೈರ್ಯ ಬಂತು.

“ಗಿರಿಜಾ, ಕಾಗೆ ಕಾಯ್ತಾ ಕೂತಾಗ ಒಂದು ಯೋಚನೆ ಬಂತು ಕಣೇ. ಒಂದು ಸಣ್ಣ ಕ್ಯಾಮರಾ, ಒಂದು ಗಂಟೆ. ಕಾಗೆ ಕಂಡ್ರೆ ತಾನಾಗೇ...”

“ತಡೀರಿ,” ಎಂದಳು. ವರಾಂಡಕ್ಕೆ ಕರೆದುಕೊಂಡು ಹೋಗಿ, ನನ್ನ ಡಬ್ಬಿಯನ್ನು ತೆಗೆದುಹಾಕಿದ್ದ ಜಾಗವನ್ನು ತೋರಿಸಿದಳು. ಅಲ್ಲಿ ಈಗ ಸೀಗೆಪುಡಿಯ ಡಬ್ಬ ಕೂತಿತ್ತು. “ನಿಮ್ ಕಾನೂನು ಒಳ್ಳೇದೇ ಇತ್ತು ಕಣ್ರೀ. ತಿರುಗ್ಸಿ ಹಾಕಿದ್ರಿ ಅಷ್ಟೇ. ಇನ್ಮೇಲೆ ನೀವು ಏನಾದ್ರೂ ಶುರು ಮಾಡ್ಬೇಕು ಅಂದ್ರೆ ಮೂರು ಜನ ಒಪ್ಬೇಕು. ನಾನು, ಗಂಗಮ್ಮ, ಅಜ್ಜಂಪುರದಲ್ಲಿ ಅಮ್ಮ. ನಿಲ್ಸೋಕೆ ಯಾರಾದ್ರೂ ಒಬ್ರು ಸಾಕು.”

ನಾನು ಸೋಲೊಪ್ಪುವ ಜಾತಿಯಲ್ಲ. ಗಂಗಮ್ಮನ ಬಳಿಗೆ ಹೋದೆ. ಅವರು ದೋಟಿ ತೋರಿಸಿದರು. ಅಜ್ಜಂಪುರಕ್ಕೆ ಫೋನು ಮಾಡಿದೆ. “ಅತ್ತೆ, ಒಂದು ಹೊಸ ಯೋಚನೆ...” ಎನ್ನುವಷ್ಟರಲ್ಲಿ ಆ ಕಡೆಯಿಂದ, “ಬೇಡ ಅಳಿಯಂದ್ರೇ,” ಎಂದು ಉತ್ತರ ಬಂತು.

ಈ ಹೊಸ ವ್ಯವಸ್ಥೆ ಬಂದು ಈಗ ಆರು ತಿಂಗಳಾಯಿತು. ಸಿಗ್ನಲ್ ಇಲ್ಲದಿದ್ದರೂ, ಕರೆಂಟು ಹೋದರೂ ಇವತ್ತಿನವರೆಗೆ ಒಂದು ಸಲವೂ ಕೆಟ್ಟಿಲ್ಲ. ನಾನೂ ಒಂದು ಸಲವೂ ಚಾಲೂ ಆಗಿಲ್ಲ!